ಗೋಡೆ ತುಂಬ ಫೋಮ್ ಅಂಟಿಸಿದರೂ ಬೇಸ್ ಯಾಕೆ ಸರಿಯಾಗಲಿಲ್ಲ?

ಪ್ರಶ್ನೆ: ಮನೆಯ ಒಂದು ಕೋಣೆಯನ್ನು ಮಿಕ್ಸಿಂಗ್‌ಗೆಂದೇ (ರೆಕಾರ್ಡ್ ಮಾಡಿದ ದನಿ, ವಾದ್ಯಗಳನ್ನು ಹದವಾಗಿ ಬೆರೆಸುವ ಕೆಲಸಕ್ಕೆ) ಇಟ್ಟುಕೊಂಡಿದ್ದೇನೆ. 12 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರ. ಇಟ್ಟಿಗೆ ಗೋಡೆ. ಉದ್ದದ ಗೋಡೆಗೆ ಟೇಬಲ್ ಹಾಕಿದ್ದೇನೆ, ಕುರ್ಚಿ ಹೆಚ್ಚುಕಡಿಮೆ ಕೋಣೆಯ ನಡುವೆ ಬರುತ್ತದೆ. ನಾಲ್ಕೂ ಗೋಡೆಗೆ ಒಂದು ಇಂಚಿನ ಫೋಮ್ ಅಂಟಿಸಿದ್ದೇನೆ. ಆದರೂ ಇಲ್ಲಿ ಚೆನ್ನಾಗಿ ಕೇಳಿದ ಮಿಕ್ಸ್ ಕಾರಿನಲ್ಲಿ ಹಾಕಿದರೆ ಕಿಕ್ಕು (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್ಮು), ಬೇಸು (ತಗ್ಗಿನ ಸ್ವರಗಳು) ಗುಂ ಅನ್ನುತ್ತವೆ. ಹಾಡಿನಲ್ಲಿ 'ಸ', 'ಶ' ಕಿವಿಗೆ ಚುಚ್ಚುತ್ತವೆ. ಇನ್ನಷ್ಟು ಫೋಮ್ ಹಾಕಲಾ? ಸಬ್‌ವೂಫರ್ (ತೀರಾ ತಗ್ಗಿನ ಸದ್ದಿಗೆಂದೇ ಇರುವ ಸ್ಪೀಕರ್) ತಗೊಳ್ಳಲಾ? ಪಕ್ಕದ ಮನೆಗೆ ಸದ್ದು ಹೋಗುವುದೂ ಇದರಿಂದ ನಿಲ್ಲುತ್ತದಾ?

ಉತ್ತರ: ಇನ್ನಷ್ಟು ಫೋಮ್ ಬೇಡ. ಈಗ ಇರುವುದರಲ್ಲೇ ಮುಕ್ಕಾಲು ಪಾಲು ಕಿತ್ತು ಹಾಕಿ ಅಂತಲೇ ಹೇಳುತ್ತೇನೆ. ಸಬ್‌ವೂಫರ್ ಮಾತು ಕೊನೆಗೆ ನೋಡೋಣ. ನಿಮ್ಮ ಎರಡು ದೂರುಗಳಿಗೆ ಎರಡು ಬೇರೆ ಬೇರೆ ಕಾರಣ ಇವೆ. 'ಸ', 'ಶ' ಚುಚ್ಚುವುದಕ್ಕೆ ಕಾರಣ ಆ ಫೋಮ್. ಬೇಸ್ ಗುಂ ಅನ್ನುವುದಕ್ಕೆ ಕಾರಣ ನಿಮ್ಮ ಕುರ್ಚಿ.

ಮೊದಲು ಫೋಮ್ ವಿಷಯ. ಫೋಮ್, ರಾಕ್‌ವೂಲ್ (ಕಲ್ಲಿನ ಎಳೆಗಳ ಹಾಸು), ದಪ್ಪ ಬಟ್ಟೆ, ಇವೆಲ್ಲ ಕೆಲಸ ಮಾಡುವುದು ಒಂದೇ ರೀತಿ. ಸದ್ದು ಅಂದರೆ ಗಾಳಿ ಹಿಂದೆ ಮುಂದೆ ಅಲುಗಾಡುವುದು. ಆ ಗಾಳಿ ಸಣ್ಣ ಸಣ್ಣ ತೂತುಗಳ ಒಳಗೆ ಓಡಾಡುವಾಗ ತಿಕ್ಕಾಟವಾಗಿ ಸದ್ದಿನ ಶಕ್ತಿ ಬಿಸಿಯಾಗಿ ಕರಗುತ್ತದೆ. ತೊಂದರೆ ಏನೆಂದರೆ, ಗೋಡೆಗೆ ತಾಗಿದ ಜಾಗದಲ್ಲಿ ಗಾಳಿ ಅಲುಗಾಡುವುದೇ ಇಲ್ಲ. ಅಲ್ಲಿ ಒತ್ತಡ ಮಾತ್ರ ಏರಿಳಿಯುತ್ತದೆ. ಗಾಳಿ ಅತಿ ಹೆಚ್ಚು ಓಡಾಡುವುದು ಗೋಡೆಯಿಂದ ಕಾಲು ಅಲೆಯಷ್ಟು ದೂರದಲ್ಲಿ. 1000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಸದ್ದಿನ ಅಲೆ 34 ಸೆಂ.ಮೀ. ಉದ್ದ, ಅದರ ಕಾಲು ಭಾಗ ಎಂಟೂವರೆ ಸೆಂ.ಮೀ. 100 ಹರ್ಟ್ಸ್‌ಗೆ ಅಲೆ ಸುಮಾರು 3.4 ಮೀಟರ್, ಕಾಲು ಭಾಗ ಅಂದರೆ 86 ಸೆಂ.ಮೀ. ನಿಮ್ಮ ಫೋಮ್ ಎರಡೂವರೆ ಸೆಂ.ಮೀ. ಲೆಕ್ಕ ಅಲ್ಲೇ ಮುಗಿಯಿತು.

ಹಾಗಾಗಿ ಆ ಫೋಮ್ ಮೇಲಿನ ಸದ್ದನ್ನೆಲ್ಲ, ಅಂದರೆ ಏರು ಸ್ವರಗಳನ್ನು, ನುಂಗಿದೆ; ಕೆಳಗಿನದನ್ನು, ಅಂದರೆ ಬೇಸನ್ನು, ಮುಟ್ಟೇ ಇಲ್ಲ. ಕೋಣೆ ಮಂಕಾಗಿ ಕೇಳುತ್ತದೆ. ನೀವು ಅದಕ್ಕೆ ಸರಿಯಾಗಿ ಹಾಡಿನ ಮೇಲ್ಭಾಗವನ್ನು, 7–8 ಕಿಲೋಹರ್ಟ್ಸ್ ಸುತ್ತಮುತ್ತ, ಎತ್ತುತ್ತೀರಿ. ಹೊರಗೆ ಹೋದಾಗ ಆ ಎತ್ತಿದ್ದು ಹಾಗೇ ಕಿವಿಗೆ ಚುಚ್ಚುತ್ತದೆ. ಮೊಟ್ಟೆ ಟ್ರೇ ಅಂಟಿಸುವವರ ಕಥೆಯೂ ಇದೇ, ಅದರಲ್ಲೂ ಇನ್ನೂ ಕಡಿಮೆ ಕೆಲಸ.

ಫೋಮ್ ಕೊಳ್ಳುವಾಗ ಜನ ಎಷ್ಟು ಚದರ ಅಡಿ ಅಂತ ಕೇಳುತ್ತಾರೆ. ಕೇಳಬೇಕಾದದ್ದು ಎಷ್ಟು ದಪ್ಪ ಅಂತ. ಸಣ್ಣ ಕೋಣೆಯಲ್ಲಿ ನಾಲ್ಕು ಗೋಡೆ ಪೂರ್ತಿ ತೆಳ್ಳಗೆ ಮುಚ್ಚುವುದಕ್ಕಿಂತ ಕೆಲವೇ ಜಾಗದಲ್ಲಿ ಭಾರಿ ದಪ್ಪಗೆ ಇಡುವುದು ಎಷ್ಟೋ ಮೇಲು. ಮುಂದೆ ಹೇಳುವುದೆಲ್ಲ ಇದರದ್ದೇ ವಿವರ.

ಈಗ ಕುರ್ಚಿ. ಎದುರುಬದುರು ಇರುವ ಎರಡು ಗೋಡೆಗಳ ನಡುವೆ ಕೆಲವು ಸ್ವರಗಳು ಸಿಕ್ಕಿಕೊಂಡು ಅಲ್ಲೇ ಓಲಾಡುತ್ತವೆ. ಇದಕ್ಕೆ ರೂಮ್ ಮೋಡ್ ಅನ್ನುತ್ತಾರೆ. ಲೆಕ್ಕ ಸುಲಭ: ಸದ್ದಿನ ವೇಗ, ಅಂದರೆ ಸೆಕೆಂಡಿಗೆ ಸುಮಾರು 344 ಮೀಟರ್, ಅದನ್ನು ಗೋಡೆಗಳ ನಡುವಿನ ದೂರದ ಎರಡರಷ್ಟರಿಂದ ಭಾಗಿಸಿ. ನಿಮ್ಮ ಕೋಣೆಯ 12 ಅಡಿಗೆ 47 ಹರ್ಟ್ಸ್ ಬರುತ್ತದೆ, 10 ಅಡಿಗೆ 56, 9 ಅಡಿ ಎತ್ತರಕ್ಕೆ 63. ಇವುಗಳ ಎರಡರಷ್ಟು, ಮೂರರಷ್ಟರಲ್ಲೂ ಮೋಡ್‌ಗಳಿರುತ್ತವೆ. ಕಿಕ್ ಡ್ರಮ್ಮಿನ ತೂಕ, ಬೇಸ್ ಗಿಟಾರಿನ ಕೆಳಗಿನ ಸ್ವರಗಳು ಕೂತಿರುವುದು ಇದೇ ಜಾಗದಲ್ಲಿ, ಅಲ್ವಾ?

ಬಕೆಟ್ ತುಂಬ ನೀರು ಹಿಡಿದು ನಡೆದರೆ ಅಂಚಿನಲ್ಲಿ ನೀರು ಮೇಲೆ ಕೆಳಗೆ ಕುಣಿಯುತ್ತದೆ, ನಟ್ಟನಡುವೆ ಮಟ್ಟ ಅಷ್ಟಾಗಿ ಬದಲಾಗುವುದಿಲ್ಲ. ಮೊದಲ ಮೋಡ್‌ನ ಒತ್ತಡವೂ ಹಾಗೇ. ಗೋಡೆಯ ಹತ್ತಿರ ಜೋರು, ನಡುವೆ ಸೊನ್ನೆ. ನೀವು 10 ಅಡಿ ಅಳತೆಯ ನಟ್ಟನಡುವೆ ಕೂತಿದ್ದೀರಿ. ಅಲ್ಲಿ 56 ಹರ್ಟ್ಸ್ ಹೆಚ್ಚುಕಡಿಮೆ ಮಾಯವಾಗಿರುತ್ತದೆ. ಕಿಕ್ಕಿಗೆ ತೂಕವೇ ಇಲ್ಲ ಅನ್ನಿಸುತ್ತದೆ, ನೀವು ಎತ್ತುತ್ತೀರಿ. ಕಾರಿನಲ್ಲಿ ಆ ಗುಂಡಿ, ಅಂದರೆ ಒಂದು ಸ್ವರ ಹೀಗೆ ಕುಸಿದುಹೋಗುವ ಹಳ್ಳ, ಇಲ್ಲ. ಅಲ್ಲಿ ಎತ್ತಿದ್ದೆಲ್ಲ ಒಟ್ಟಿಗೆ ಬಂದು ಗುಂ ಅನ್ನುತ್ತದೆ.

ಇದನ್ನು ನೀವೇ ಕೇಳಿ ನೋಡಬಹುದು. ನಿಮ್ಮ ಸಾಫ್ಟ್‌ವೇರ್‌ನಲ್ಲಿ ಟೋನ್ ಜನರೇಟರ್ ಇರುತ್ತದೆ. 56 ಹರ್ಟ್ಸ್ ಸೈನ್ ಟೋನ್ (ಒಂದೇ ಶುದ್ಧ ಸ್ವರ) ಹಾಕಿ, ವಾಲ್ಯೂಮ್ ಮಿತವಾಗಿರಲಿ. ಸ್ಪೀಕರ್ ಹಿಂದಿನ ಗೋಡೆಯ ಹತ್ತಿರದಿಂದ ಎದುರಿನ ಗೋಡೆಯವರೆಗೆ ನಿಧಾನವಾಗಿ ನಡೆಯಿರಿ. ಶುರುವಿನಲ್ಲಿ ಎದೆಗೆ ತಟ್ಟುವಂತಿರುತ್ತದೆ. ಕುರ್ಚಿಯ ಹತ್ತಿರ ಬಂದಾಗ ಯಾರೋ ವಾಲ್ಯೂಮ್ ಇಳಿಸಿದಂತೆ ಸದ್ದು ಕುಸಿಯುತ್ತದೆ. ಇನ್ನೆರಡು ಹೆಜ್ಜೆ ಇಟ್ಟರೆ ಮತ್ತೆ ಬರುತ್ತದೆ. ಸ್ಪೀಕರ್ ಅದೇ, ವಾಲ್ಯೂಮ್ ಅದೇ, ಬದಲಾಗಿದ್ದು ನೀವು ನಿಂತ ಜಾಗ ಮಾತ್ರ. ಟೋನನ್ನು 55, 57 ಅಂತ ಸ್ವಲ್ಪ ಆಚೀಚೆ ಮಾಡಿ, ಎಲ್ಲಿ ಅತಿ ಹೆಚ್ಚು ಕುಸಿಯುತ್ತದೆ ನೋಡಿ. ಅಳತೆಯಲ್ಲಿ ಒಂದೆರಡು ಇಂಚು ವ್ಯತ್ಯಾಸವಿದ್ದರೂ ಈ ಸಂಖ್ಯೆ ಜರುಗುತ್ತದೆ.

ಆದ್ದರಿಂದ ಮೊದಲ ಕೆಲಸಕ್ಕೆ ಖರ್ಚೇ ಇಲ್ಲ. ಟೇಬಲ್ ತಿರುಗಿಸಿ. 10 ಅಡಿಯ ಗೋಡೆಗೆ ಮುಖ ಮಾಡಿ, ಕೋಣೆಯ ಉದ್ದಕ್ಕೆ ಕೂರಿ. ಎಡಗೋಡೆ ಬಲಗೋಡೆ ಎರಡೂ ಸಮ ದೂರದಲ್ಲಿರಲಿ, ಇದರಲ್ಲಿ ರಾಜಿ ಬೇಡ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಬೀರು ಅಂತಾದರೆ ಎಡ-ಬಲದ ಚಿತ್ರವೇ ಓರೆಯಾಗುತ್ತದೆ. ಕಿವಿ ಮುಂದಿನ ಗೋಡೆಯಿಂದ ಉದ್ದದ ಶೇಕಡ 38ರಷ್ಟು ದೂರದಲ್ಲಿರಲಿ ಅನ್ನುವುದು ಹಳೆಯ ಬಾಯಿಲೆಕ್ಕ. 12 ಅಡಿಗೆ ಅದು ಸುಮಾರು ನಾಲ್ಕೂವರೆ ಅಡಿ. ಅದು ಶುರು ಮಾಡುವ ಜಾಗ ಅಷ್ಟೇ, ಶಾಸನ ಅಲ್ಲ. ಅಲ್ಲಿಂದ ಅರ್ಧ ಅಡಿ ಹಿಂದೆ ಮುಂದೆ ಸರಿದು ನೋಡಬೇಕು. ಆಗಲೂ 47 ಹರ್ಟ್ಸ್ ಸ್ವಲ್ಪ ತಗ್ಗಿಯೇ ಇರುತ್ತದೆ, ಆದರೆ ನಟ್ಟನಡುವಿನ ಗುಂಡಿಯಷ್ಟು ಆಳ ಇರುವುದಿಲ್ಲ.

ಹಾಗಾದರೆ ಅಗಲದಲ್ಲಿ ನಡುವೆ ಕೂತರೆ ಅಲ್ಲೂ ಗುಂಡಿ ತಾನೇ ಅಂತ ಕೇಳಬಹುದು. ಒಳ್ಳೆಯ ಪ್ರಶ್ನೆ. ಬೇಸ್ ಸಾಮಾನ್ಯವಾಗಿ ಎರಡೂ ಸ್ಪೀಕರ್‌ಗಳಿಂದ ಒಂದೇ ಸಮ ಬರುತ್ತದೆ. ಎರಡೂ ನಡುಗೆರೆಯಿಂದ ಸಮ ದೂರದಲ್ಲಿದ್ದರೆ, ಎಡದ್ದು ಆ ಮೋಡನ್ನು ಒಂದು ಕಡೆ ತಳ್ಳುವಾಗ ಬಲದ್ದು ಇನ್ನೊಂದು ಕಡೆ ತಳ್ಳುತ್ತದೆ. ಅಗಲದ ಮೊದಲ ಮೋಡ್ ಏಳುವುದೇ ಇಲ್ಲ. ಅದೇ ಒಂದೇ ಸ್ಪೀಕರಿನಲ್ಲಿ ಟೋನ್ ಹಾಕಿದರೆ ಏಳುತ್ತದೆ.

ಸ್ಪೀಕರ್‌ಗಳನ್ನು ಗೋಡೆಯಿಂದ ಎಷ್ಟು ದೂರ ಇಡಬೇಕು ಅನ್ನುವುದರಲ್ಲಿ ಬಹಳ ಜನ ಉಲ್ಟಾ ಮಾಡುತ್ತಾರೆ. ಬೇಸ್ ಜಾಸ್ತಿ ಆಯಿತು ಅಂತ ಗೋಡೆಯಿಂದ ಎರಡು ಮೂರು ಅಡಿ ಮುಂದೆ ಎಳೆಯುತ್ತಾರೆ. ಕೆಳಗಿನ ಸದ್ದು ಸ್ಪೀಕರಿನ ಹಿಂದಕ್ಕೂ ಹೋಗುತ್ತದೆ, ಗೋಡೆಗೆ ಬಡಿದು ವಾಪಸ್ ಬರುತ್ತದೆ. ಆ ದೂರ ಕಾಲು ಅಲೆಯಷ್ಟಾದರೆ, ವಾಪಸ್ ಬಂದದ್ದು ಮೂಲ ಸದ್ದಿಗೆ ತದ್ವಿರುದ್ಧವಾಗಿ ಸೇರಿ ಎರಡೂ ಅಳಿಸಿಹೋಗುತ್ತವೆ. ಸ್ಪೀಕರಿನ ಮುಂಭಾಗ ಗೋಡೆಯಿಂದ 90 ಸೆಂ.ಮೀ. ಇದ್ದರೆ ಸುಮಾರು 95 ಹರ್ಟ್ಸ್‌ನಲ್ಲಿ ಗುಂಡಿ. 60 ಸೆಂ.ಮೀ. ಇದ್ದರೆ 143ರಲ್ಲಿ. ಇವೆರಡೂ ಬೇಸ್ ಗಿಟಾರ್ ಮತ್ತು ಗಂಡು ದನಿಯ ತಿರುಳು ಇರುವ ಜಾಗ. ಗೋಡೆಗೆ ಹತ್ತಿರ ತಳ್ಳಿ, ಮುಂಭಾಗ 40 ಸೆಂ.ಮೀ.ಗೆ ಬಂದರೆ ಗುಂಡಿ 215 ಹರ್ಟ್ಸ್‌ಗೆ ಏರುತ್ತದೆ. ಅಲ್ಲಿ ಸ್ಪೀಕರ್ ಹಿಂದೆ ಒಂದು ದಪ್ಪ ಪ್ಯಾನೆಲ್ (ರಾಕ್‌ವೂಲ್ ತುಂಬಿದ ಚೌಕಟ್ಟು) ಇಟ್ಟರೆ ಅದನ್ನು ಹಿಡಿಯಬಹುದು. ಹತ್ತಿರ ತಳ್ಳಿದಾಗ ಒಟ್ಟು ಬೇಸ್ ಏರುತ್ತದೆ ನಿಜ. ಅದಕ್ಕೇ ಬಹಳಷ್ಟು ಮಾನಿಟರ್‌ಗಳ (ಮಿಕ್ಸಿಂಗ್ ಸ್ಪೀಕರ್‌ಗಳ) ಹಿಂದೆ ಬೇಸ್ ಇಳಿಸುವ ಸ್ವಿಚ್ ಕೊಟ್ಟಿರುತ್ತಾರೆ. ಏರಿದ ಬೇಸನ್ನು ಸ್ವಿಚ್ಚಿನಿಂದ ಇಳಿಸಬಹುದು, ಅಳಿಸಿಹೋದದ್ದನ್ನು ಯಾವ ಸ್ವಿಚ್ಚೂ ವಾಪಸ್ ತರುವುದಿಲ್ಲ.

ಎರಡು ಸ್ಪೀಕರ್ ನಡುವೆ 4 ಅಡಿ, ಪ್ರತಿಯೊಂದರಿಂದ ನಿಮ್ಮ ತಲೆಗೂ 4 ಅಡಿ ಇರಲಿ. ಟ್ವೀಟರ್ (ಸ್ಪೀಕರಿನಲ್ಲಿ ಮೇಲಿನ ಸದ್ದು ಹೊರಡುವ ಚಿಕ್ಕ ಭಾಗ) ಕಿವಿಯ ಎತ್ತರಕ್ಕೆ. ಈ ಅಳತೆಯಲ್ಲಿ ಕಿವಿ ಮುಂದಿನ ಗೋಡೆಯಿಂದ ಹೆಚ್ಚುಕಡಿಮೆ 4.8 ಅಡಿಗೆ ಬರುತ್ತದೆ, ಮೇಲೆ ಹೇಳಿದ ಲೆಕ್ಕಕ್ಕೂ ಹೊಂದುತ್ತದೆ.

ಇದಾದ ಮೇಲೆ ಬೇಸ್ ಟ್ರ್ಯಾಪ್, ಅಂದರೆ ಬೇಸನ್ನು ನುಂಗಲು ಮೂಲೆಗಿಡುವ ದಪ್ಪ ಪ್ಯಾನೆಲ್. ಎಲ್ಲ ಮೋಡ್‌ಗಳ ಒತ್ತಡವೂ ಮೂಲೆಗಳಲ್ಲಿ ಕೂಡುತ್ತದೆ, ಹಾಗಾಗಿ ಅಲ್ಲಿಟ್ಟ ದಪ್ಪ ಸಾಮಗ್ರಿ ಎಲ್ಲದರ ಮೇಲೂ ಕೆಲಸ ಮಾಡುತ್ತದೆ. ಮೂಲೆ ಅಂದರೆ ಗೋಡೆ ಗೋಡೆ ಕೂಡುವ ನಾಲ್ಕೇ ಅಂದುಕೊಳ್ಳಬೇಡಿ. ಗೋಡೆ ಮತ್ತು ಚಾವಣಿ ಕೂಡುವ ನಾಲ್ಕು, ಗೋಡೆ ಮತ್ತು ನೆಲ ಕೂಡುವ ನಾಲ್ಕು ಸೇರಿ ಒಟ್ಟು 12. ಒಂದು ಮೂಲೆಯಲ್ಲಿ ಬಾಗಿಲಿದ್ದರೆ ಅದರ ಬದಲು ಮೇಲಿನ ಅಂಚು ಬಳಸಿ.

ಪ್ಯಾನೆಲ್ ಮನೆಯಲ್ಲೇ ಮಾಡಬಹುದು, ಮರಗೆಲಸ ಬಹಳ ಬರಬೇಕಿಲ್ಲ. 120 ಸೆಂ.ಮೀ. ಉದ್ದ, 60 ಅಗಲ, 15 ಆಳದ ಮರದ ಚೌಕಟ್ಟು. ಒಳಗೆ 5 ಸೆಂ.ಮೀ. ದಪ್ಪದ ರಾಕ್‌ವೂಲ್ ಮೂರು ಪದರ. ಘನ ಮೀಟರಿಗೆ 40ರಿಂದ 60 ಕೆ.ಜಿ. ಸಾಂದ್ರತೆಯದು ಸಾಕು. ಇನ್ನೂ ಗಟ್ಟಿಯಾದದ್ದು ಒಳ್ಳೆಯದಿರಬೇಕು ಅಂತ ತರಬೇಡಿ. ತೀರಾ ಗಟ್ಟಿಯಾದರೆ ಗಾಳಿ ಒಳಗೇ ಹೋಗದೆ ಸದ್ದು ವಾಪಸ್ ಬರುತ್ತದೆ, ದಪ್ಪ ಹೆಚ್ಚಿದಷ್ಟೂ ಹಗುರವಾದದ್ದೇ ಒಳ್ಳೆಯದು. ಹೊರಗೆ ಬಟ್ಟೆ. ಬಾಯಿಗೆ ಹಿಡಿದು ಊದಿ ನೋಡಿ, ಉಸಿರು ಸಲೀಸಾಗಿ ಆಚೆ ಹೋದರೆ ಆ ಬಟ್ಟೆ ಆಗುತ್ತದೆ. ಹಿಂಬದಿಗೂ ಬಟ್ಟೆಯೇ ಇರಲಿ, ಪ್ಲೈವುಡ್ ಹೊಡೆಯಬೇಡಿ. ಕತ್ತರಿಸುವಾಗ ಮಾಸ್ಕ್, ಕೈಗವಸು, ತುಂಬು ತೋಳಿನ ಅಂಗಿ ಕಡ್ಡಾಯ. ಆ ಎಳೆಗಳು ಚರ್ಮಕ್ಕೆ ತಾಗಿದರೆ ದಿನವಿಡೀ ತುರಿಸುತ್ತದೆ.

ಇದನ್ನು ಮೂಲೆಗೆ ಅಡ್ಡಲಾಗಿ, ಎರಡೂ ಗೋಡೆಗೆ ತಾಗುವಂತೆ ಓರೆಯಾಗಿ ನಿಲ್ಲಿಸಿ, ನೆಲದಿಂದ ಚಾವಣಿಯವರೆಗೆ. ಹಿಂದೆ ತ್ರಿಕೋನದ ಖಾಲಿ ಜಾಗ ಉಳಿಯುತ್ತದೆ. ಆ ಖಾಲಿ ಜಾಗ ದಂಡವಲ್ಲ. ಅದರಿಂದಲೇ ಪ್ಯಾನೆಲ್ ಗೋಡೆಯಿಂದ ದೂರ ಸರಿದು, ಗಾಳಿ ಓಡಾಡುವ ಜಾಗಕ್ಕೆ ಬರುತ್ತದೆ. ಸಾಮಗ್ರಿ ಹೆಚ್ಚು ಸಿಕ್ಕರೆ ತ್ರಿಕೋನವನ್ನೂ ತುಂಬಿಬಿಡಿ, ಇನ್ನೂ ಒಳ್ಳೆಯದು.

ಇಷ್ಟೆಲ್ಲ ಮಾಡಿದರೆ 47 ಹರ್ಟ್ಸ್ ಪೂರ್ತಿ ನೆಟ್ಟಗಾಗುತ್ತದಾ? ಇಲ್ಲ. ಅದರ ಕಾಲು ಅಲೆಯೇ ಆರು ಅಡಿ. ಸಣ್ಣ ಕೋಣೆಯಲ್ಲಿ ಅಷ್ಟು ದಪ್ಪ ಯಾರೂ ಇಡಲಾರರು. ಆ ಒಂದೇ ಸ್ವರಕ್ಕೆ ಹೊಂದಿಸಿದ ಪೊರೆಯ ಟ್ರ್ಯಾಪ್ ಮಾಡಬಹುದು, ಆದರೆ ಅದರ ಶ್ರುತಿ ಕೂರಿಸುವುದು ತಲೆನೋವಿನ ಕೆಲಸ, ಮೊದಲ ಸುತ್ತಿನಲ್ಲಿ ಕೈ ಹಾಕಬೇಡಿ. ದಪ್ಪ ಪ್ಯಾನೆಲ್‌ಗಳಿಂದ ಸಿಗುವ ಲಾಭ ಏನೆಂದರೆ, 80–100 ಹರ್ಟ್ಸ್‌ನಿಂದ ಮೇಲೆ ಬೇಸ್ ಬಿಗಿಯಾಗುತ್ತದೆ, ಸ್ವರ ನಿಂತ ಮೇಲೂ ಎಳೆಯುವ ಬಾಲ ಚಿಕ್ಕದಾಗುತ್ತದೆ. ಬೇಸ್ ಗಿಟಾರಿನ ಒಂದು ಸ್ವರ ಮುಗಿದು ಇನ್ನೊಂದು ಶುರುವಾಗಿದ್ದು ಬಿಡಿಬಿಡಿಯಾಗಿ ಕೇಳಲು ಶುರುವಾದರೆ ಕೆಲಸ ಆಗಿದೆ ಅಂತಲೇ ಲೆಕ್ಕ. ತೀರಾ ಕೆಳಗಿನದನ್ನು ಹೆಡ್‌ಫೋನಿನಲ್ಲಿ ಇನ್ನೊಮ್ಮೆ ಪರೀಕ್ಷಿಸಿಕೊಳ್ಳಿ.

ಮುಂದಿನದು ಮೊದಲ ರಿಫ್ಲೆಕ್ಷನ್, ಅಂದರೆ ಸ್ಪೀಕರಿನಿಂದ ಹೊರಟು ಒಂದೇ ಸಲ ಬಡಿದು ಕಿವಿಗೆ ಬರುವ ಸದ್ದು. ನೀವು ಕುರ್ಚಿಯಲ್ಲಿ ಕೂರಿ. ಇನ್ನೊಬ್ಬರು ಪಕ್ಕದ ಗೋಡೆಗೆ ಕನ್ನಡಿ ತಾಗಿಸಿ ನಿಧಾನವಾಗಿ ಸರಿಸಲಿ. ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗಕ್ಕೆಲ್ಲ ಗುರುತು ಹಾಕಿ. ಎರಡೂ ಪಕ್ಕದ ಗೋಡೆ, ತಲೆಯ ಮೇಲಿನ ಚಾವಣಿ, ಟೇಬಲ್ಲಿನ ಮೇಲ್ಮೈ, ಎಲ್ಲವನ್ನೂ ನೋಡಿ. ಅಲ್ಲಿಂದ ಬಡಿದು ಬರುವ ಸದ್ದು ನೇರ ಸದ್ದಿಗಿಂತ ಒಂದು ಮಿಲಿಸೆಕೆಂಡ್ ತಡವಾಗಿ, ಅಂದರೆ 34 ಸೆಂ.ಮೀ. ಹೆಚ್ಚು ದಾರಿ ನಡೆದು ಬಂದರೆ ಸಾಕು, 500, 1500, 2500 ಹರ್ಟ್ಸ್‌ಗಳಲ್ಲಿ ಸಾಲಾಗಿ ಗುಂಡಿ ಬೀಳುತ್ತವೆ. ನಡುವೆ ನಿಂತು ಹಾಡಬೇಕಾದ ದನಿ ಮಸುಕಾಗುತ್ತದೆ. ಮೊದಲ 15 ಮಿಲಿಸೆಕೆಂಡಿನಲ್ಲಿ ಬರುವ ಇಂಥವು ನೇರ ಸದ್ದಿಗಿಂತ ಕನಿಷ್ಠ 10 ಡೆಸಿಬಲ್ ಕೆಳಗಿರಲಿ ಅನ್ನುವುದು ಕೇಳುವ ಕೋಣೆಗಳಿಗೆ ಇರುವ ಅಂತರರಾಷ್ಟ್ರೀಯ ಶಿಫಾರಸು. ಈ ಜಾಗಗಳಿಗೆ 10 ಸೆಂ.ಮೀ. ಪ್ಯಾನೆಲ್, ಗೋಡೆಯಿಂದ 5–10 ಸೆಂ.ಮೀ. ಬಿಟ್ಟು ತೂಗುಹಾಕಿ. ಚಾವಣಿಗೆ ತೂಗುವುದನ್ನು ಮರೆಯಬೇಡಿ. ಪಕ್ಕದ ಗೋಡೆಗಿಂತ ಚಾವಣಿಯೇ ಎಷ್ಟೋ ಸಲ ದೊಡ್ಡ ಕಳ್ಳ. ಕೊಕ್ಕೆ ಗಟ್ಟಿಯಾಗಿರಲಿ, ಅದು ಇರುವುದು ನಿಮ್ಮ ತಲೆಯ ಮೇಲೆ.

ಟೇಬಲ್ಲನ್ನು ಮುಚ್ಚಲು ಆಗುವುದಿಲ್ಲವಲ್ಲ. ಸ್ಪೀಕರ್‌ಗಳನ್ನು ಟೇಬಲ್ಲಿನಿಂದ ಇಳಿಸಿ, ಹಿಂದೆ ಬೇರೆ ಸ್ಟ್ಯಾಂಡ್ ಮೇಲೆ ಇಡಿ. ಅಷ್ಟರಿಂದಲೇ ಟೇಬಲ್ಲಿನ ನಡುಕವೂ ತಪ್ಪುತ್ತದೆ, ರಿಫ್ಲೆಕ್ಷನ್ನೂ ಕಡಿಮೆಯಾಗುತ್ತದೆ.

ನಿಮ್ಮ ಬೆನ್ನ ಹಿಂದಿನ ಗೋಡೆ ಹೊಸ ಜಾಗದಲ್ಲಿ ಸುಮಾರು 7 ಅಡಿ ದೂರ ಇರುತ್ತದೆ. ಅಲ್ಲಿಂದ ಬರುವ ಸದ್ದು 13 ಮಿಲಿಸೆಕೆಂಡ್ ತಡವಾಗಿ ಕಿವಿಗೆ ತಲುಪುತ್ತದೆ, 40 ಮತ್ತು 117 ಹರ್ಟ್ಸ್ ಸುತ್ತ ಬೇಸನ್ನು ಕೆಡಿಸುತ್ತದೆ. ಅಲ್ಲಿ ಎಷ್ಟು ದಪ್ಪ ಇಡಲು ಆಗುತ್ತದೋ ಅಷ್ಟು ಇಡಿ. ಹಾಸಿಗೆ ಇದ್ದರೆ ಆ ಗೋಡೆಗೆ ಹಾಕಿಕೊಳ್ಳಿ, ದಪ್ಪ ಹಾಸಿಗೆಯೂ ಒಂದು ಪ್ಯಾನೆಲ್ಲೇ. ಡಿಫ್ಯೂಸರ್ (ಸದ್ದನ್ನು ಚದುರಿಸುವ ಹಲಗೆ) ಹಾಕಿ ಅಂತ ಮುಂದೆ ಯಾರಾದರೂ ಆಸೆ ಹುಟ್ಟಿಸಬಹುದು. ಭೌತವಿಜ್ಞಾನಿ ಮ್ಯಾನ್‌ಫ್ರೆಡ್ ಶ್ರೋಡರ್ 1975ರಲ್ಲಿ ಮುಂದಿಟ್ಟ ಆ ಲೆಕ್ಕದ ಹಳ್ಳದಿಣ್ಣೆಯ ಹಲಗೆ ಚೆಂದದ್ದೇ. ಆದರೆ ಚದುರಿದ ಸದ್ದು ಹದವಾಗಿ ಬೆರೆಯಲು ದೂರ ಬೇಕು. ಈ ಕೋಣೆಯಲ್ಲಿ ಆ ಜಾಗವನ್ನು ರಾಕ್‌ವೂಲಿಗೆ ಕೊಡುವುದೇ ಲಾಭ.

ಉಳಿದ ಗೋಡೆಯನ್ನು ಬರಿದಾಗಿಯೇ ಬಿಡಿ. ಚಪ್ಪಾಳೆ ತಟ್ಟಿದಾಗ ಝರ್ ಅಂತ ಎಳೆಯುವ ಸದ್ದು ಬಂದರೆ ಆ ಎರಡು ಗೋಡೆಗಳಲ್ಲಿ ಒಂದಕ್ಕೆ ಪುಸ್ತಕದ ಕಪಾಟೋ ಪ್ಯಾನೆಲ್ಲೋ ಇಡಿ. ನೆಲಕ್ಕೆ ಕಾರ್ಪೆಟ್ ಪೂರ್ತಿ ಹಾಸಬೇಡಿ, ಅದೂ ಮೇಲಿನ ಸದ್ದನ್ನಷ್ಟೇ ತಿನ್ನುತ್ತದೆ. ಇಂಥ ಸಣ್ಣ ಕೋಣೆಯಲ್ಲಿ ಸದ್ದು 0.2ರಿಂದ 0.3 ಸೆಕೆಂಡಿನಲ್ಲಿ ಅಡಗಿದರೆ ಚೆನ್ನ. ಅದಕ್ಕಿಂತ ಮುಖ್ಯ, ಕೆಳಗಿನದೂ ಮೇಲಿನದೂ ಹೆಚ್ಚುಕಡಿಮೆ ಒಟ್ಟಿಗೆ ಅಡಗಬೇಕು. ಈ ಶಾಸ್ತ್ರ ಶುರುವಾದದ್ದೂ ಹೀಗೆ ಕಾಯುತ್ತಾ ಅಳೆದದ್ದರಿಂದಲೇ. 1895ರ ಹೊತ್ತಿಗೆ ಹಾರ್ವರ್ಡ್‌ನ ಫಾಗ್ ಮ್ಯೂಸಿಯಂನ ಹೊಸ ಉಪನ್ಯಾಸದ ಕೋಣೆಯಲ್ಲಿ ಒಂದು ಮಾತೂ ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ವಾಲೇಸ್ ಸಬೀನ್ ಅನ್ನುವ ಅಧ್ಯಾಪಕರು ರಾತ್ರಿ ಹೊತ್ತು ಸ್ಯಾಂಡರ್ಸ್ ಥಿಯೇಟರಿನ ಕುರ್ಚಿಗಳ ಮೆತ್ತೆಗಳನ್ನು ಹೊತ್ತು ತಂದು ಇಟ್ಟು, ಎಷ್ಟು ಮೆತ್ತೆಗೆ ಸದ್ದು ಎಷ್ಟು ಬೇಗ ಅಡಗುತ್ತದೆ ಅಂತ ಲೆಕ್ಕ ಹಾಕಿದರು. ಅವರು ಅಳತೆಗೋಲು ಮಾಡಿಕೊಂಡದ್ದು ತೆರೆದ ಕಿಟಕಿಯನ್ನು. ಹೊರಗೆ ಹೋದ ಸದ್ದು ವಾಪಸ್ ಬರುವುದಿಲ್ಲವಲ್ಲ! ನೀವೂ ಒಮ್ಮೆ ಬಾಗಿಲು ತೆರೆದಿಟ್ಟು ಬೇಸ್ ಕೇಳಿ ನೋಡಿ, ವ್ಯತ್ಯಾಸ ಗೊತ್ತಾಗುತ್ತದೆ.

ಪ್ರತಿ ಹಂತದಲ್ಲೂ ಅಳೆಯಿರಿ. ರೂಮ್ ಇಕ್ಯೂ ವಿಝರ್ಡ್ ಅನ್ನುವ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಒಂದು ಮೆಷರ್‌ಮೆಂಟ್ ಮೈಕ್ ಬೇಕು, ಹಾಡಲು ಬಳಸುವ ಮೈಕ್ ಬೇಡ. ಮೈಕನ್ನು ನಿಮ್ಮ ತಲೆ ಇರುವ ಜಾಗದಲ್ಲಿ ನಿಲ್ಲಿಸಿ, ಸ್ವೀಪ್ (ತಗ್ಗಿನಿಂದ ಮೇಲಕ್ಕೆ ಏರುತ್ತಾ ಹೋಗುವ ಟೋನ್) ಹೊಡೆಯಿರಿ. ಬರುವ ಗೆರೆಯಲ್ಲಿ 20ರಿಂದ 300 ಹರ್ಟ್ಸ್ ಭಾಗವನ್ನು ಸ್ಮೂದಿಂಗ್ (ಗೆರೆಯನ್ನು ನುಣುಪು ಮಾಡುವುದು) ಇಲ್ಲದೆ ನೋಡಿ. ಸ್ಮೂದಿಂಗ್ ಹಾಕಿದರೆ ಗೆರೆ ಚೆಂದ ಕಾಣುತ್ತದೆ, ಗುಂಡಿಗಳು ಅಡಗಿಕೊಳ್ಳುತ್ತವೆ. ವಾಟರ್‌ಫಾಲ್ ಅನ್ನುವ, ಸದ್ದು ಅಡಗುವುದನ್ನು ತೋರಿಸುವ ಚಿತ್ರದಲ್ಲಿ ಯಾವ ಸ್ವರ ಬಾಲ ಎಳೆಯುತ್ತದೆ ಅನ್ನುವುದೂ ಕಾಣುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಉಳಿದ ಒಂದೆರಡು ಉಬ್ಬುಗಳನ್ನು ಇಕ್ಯೂನಿಂದ (ಬೇಕಾದ ಸ್ವರಗಳನ್ನಷ್ಟೇ ಏರಿಸಿ ಇಳಿಸುವ ಸಾಧನದಿಂದ) ಇಳಿಸಬಹುದು. ಗುಂಡಿಯನ್ನು ಮಾತ್ರ ಇಕ್ಯೂನಿಂದ ತುಂಬಲು ಹೋಗಬೇಡಿ. ನೀವು ಎಷ್ಟು ಎತ್ತಿದರೂ ವಾಪಸ್ ಬರುವ ಸದ್ದೂ ಅಷ್ಟೇ ಏರುತ್ತದೆ, ಮತ್ತೆ ಎರಡೂ ಅಳಿಸಿಹೋಗುತ್ತವೆ. ಸುಮ್ನೆ ಸ್ಪೀಕರಿಗೆ ಶ್ರಮ.

ಪಕ್ಕದ ಮನೆಯ ವಿಷಯ. ಇಲ್ಲಿ ಹೇಳಿದ ಯಾವುದರಿಂದಲೂ ಸದ್ದು ಹೊರಗೆ ಹೋಗುವುದು ನಿಲ್ಲುವುದಿಲ್ಲ. ಫೋಮ್ ಮೂಲಕ ಗಾಳಿ ಹೋಗುತ್ತದೆ ಅಂದರೆ ಸದ್ದೂ ಹೋಗುತ್ತದೆ. ಸದ್ದು ತಡೆಯಲು ಬೇಕಾದದ್ದು ತೂಕ, ಸಂದಿಯಿಲ್ಲದ ಬಿಗಿ, ಒಂದಕ್ಕೊಂದು ತಾಗದ ಎರಡು ಪದರದ ಗೋಡೆ. ಅದು ಕಟ್ಟಡದ ಕೆಲಸ. ನಿಮ್ಮದು ಇಟ್ಟಿಗೆ ಗೋಡೆ, ಅದು ಆಗಲೇ ಭಾರ ಇದೆ, ಸೋರುವುದು ಬಾಗಿಲು ಕಿಟಕಿಯಲ್ಲಿ. ಬಾಗಿಲಿನ ಸುತ್ತ ರಬ್ಬರ್ ಪಟ್ಟಿ, ಕೆಳಗಿನ ಸಂದಿಗೆ ಸೀಲ್ ಹಾಕಿದರೆ ಅಷ್ಟಿಷ್ಟು ತಗ್ಗುತ್ತದೆ. ಉಳಿದದ್ದಕ್ಕೆ ಕಡಿಮೆ ವಾಲ್ಯೂಮೇ ಮದ್ದು. ಸಣ್ಣ ಕೋಣೆಗೆ 73–76 ಡೆಸಿಬಲ್ ಸಾಕು, ಅದಕ್ಕಿಂತ ಜೋರಾಗಿ ಮಿಕ್ಸ್ ಮಾಡುವ ಅಗತ್ಯವೂ ಇಲ್ಲ.

ಕಿತ್ತ ಫೋಮ್ ಬಗ್ಗೆ ಒಂದು ಮಾತು. ಅದು ಬೆಂಕಿ ತಡೆಯುವ ದರ್ಜೆಯದು ಅಂತ ಖಾತ್ರಿ ಇಲ್ಲದಿದ್ದರೆ ಮನೆಯಲ್ಲಿ ಎಲ್ಲೂ ಅಂಟಿಸಬೇಡಿ. ಸಾಧಾರಣ ಪಾಲಿಯುರಿಥೇನ್ ಫೋಮ್ ಕ್ಷಣದಲ್ಲಿ ಹೊತ್ತಿಕೊಂಡು ವಿಷದ ಹೊಗೆ ಬಿಡುತ್ತದೆ. 2003ರಲ್ಲಿ ಅಮೆರಿಕದ ರೋಡ್ ಐಲೆಂಡ್‌ನ ಒಂದು ನೈಟ್‌ಕ್ಲಬ್ಬಿನಲ್ಲಿ ಬಾಣಬಿರುಸಿನ ಕಿಡಿ ಇಂಥ ಫೋಮ್‌ಗೆ ತಾಗಿ 100 ಜನ ಸತ್ತರು. ರಾಕ್‌ವೂಲ್ ಕಲ್ಲಿನ ಎಳೆ, ಉರಿಯುವುದಿಲ್ಲ.

ಇನ್ನು ಸಬ್‌ವೂಫರ್. ಈಗ ತಂದರೆ ಇದೇ ಗುಂಡಿ ದಿಣ್ಣೆಗಳನ್ನು ಇನ್ನೂ ಜೋರಾಗಿ ಕೇಳುತ್ತೀರಿ. ಟೇಬಲ್ ತಿರುಗಿಸಿ, ಮೂಲೆಗಳನ್ನು ತುಂಬಿ, ಅಳೆಯಿರಿ. ಆಮೇಲೂ 50 ಹರ್ಟ್ಸ್‌ನ ಕೆಳಗೆ ಏನೂ ಸಿಗುತ್ತಿಲ್ಲ, ನೀವು ಮಾಡುವ ಸಂಗೀತಕ್ಕೆ ಅದು ಬೇಕೇ ಬೇಕು ಅನ್ನಿಸಿದರೆ ತನ್ನಿ. ಸ್ಪೀಕರಿನಂತೆ ಅದಕ್ಕೆ ಜಾಗ ನಿಗದಿಯಾಗಿಲ್ಲ, ಹಾಗಾಗಿ ಉಪಾಯ ಇದೆ: ಸಬ್ಬನ್ನು ನಿಮ್ಮ ಕುರ್ಚಿಯ ಮೇಲಿಟ್ಟು ಬೇಸ್ ಇರುವ ಹಾಡು ಹಾಕಿ, ಗೋಡೆಯ ಉದ್ದಕ್ಕೂ ನೆಲದ ಹತ್ತಿರ ಕಿವಿ ಹಿಡಿದು ತೆವಳಿ. ಎಲ್ಲಿ ಸ್ವರಗಳೆಲ್ಲ ಸಮವಾಗಿ ಕೇಳುತ್ತವೋ ಅಲ್ಲಿ ಸಬ್ ಇಡಿ.